ಮರಳು ಒಂದೇ, ಮನಸ್ಸು ಹಲವು

ಶಾಲೆ ಬಂದರೆ, ರಸ್ತೆ ಬಂದರೆ, ಪತ್ರಿಕೆ ಬಂದರೆ ಜನರೆಲ್ಲ ಒಂದೇ ರೀತಿ ಯೋಚಿಸಲು ಕಲಿಯುತ್ತಾರೆ ಎಂಬ ನಂಬಿಕೆ ನಮ್ಮ ವಿದ್ಯಾವಂತರಲ್ಲಿ ಬಹಳ ಕಾಲದಿಂದ ಇದೆ. ಹಾಗೆ ಆಗದಿದ್ದಾಗ ಅವರು ಎರಡು ಕಾರಣ ಕೊಡುತ್ತಾರೆ: ಒಂದೋ ಎದುರಿನವರು ಅಜ್ಞಾನಿಗಳು, ಇಲ್ಲವೇ ಯಾರೋ ಅವರ ತಲೆ ಕೆಡಿಸಿದ್ದಾರೆ. ಇವೆರಡರ ಆಚೆಗೆ ಮೂರನೆಯ ಕಾರಣವೊಂದು ಇರಬಹುದೇ ಎಂದು ಕೇಳುವವರು ಕಡಿಮೆ. ಮನುಷ್ಯರ ಮನಸ್ಸು ಬೇರೆ ಬೇರೆಯಾಗಿ ಕೆಲಸ ಮಾಡುವುದೇಕೆ, ಆ ವ್ಯತ್ಯಾಸ ತಲೆಮಾರುಗಳು ಕಳೆದರೂ ಅಳಿಯದೆ ಉಳಿಯುವುದೇಕೆ ಎಂಬ ಪ್ರಶ್ನೆಯನ್ನು ಮೈಸೂರು ಜಿಲ್ಲೆಯ ಎರಡು ತಾಲೂಕುಗಳ ಮೂಲಕ ಕೇಳಿ ನೋಡುವುದು ನಮ್ಮ ಉದ್ದೇಶ. ಒಂದು ನಂಜನಗೂಡು, ಇನ್ನೊಂದು ತಿರುಮಕೂಡಲು ನರಸೀಪುರ. ಒಂದರ ದಡದಲ್ಲಿ ಕಪಿಲೆ ಹರಿಯುತ್ತಾಳೆ, ಇನ್ನೊಂದರಲ್ಲಿ ಅದೇ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ನೀರು ಒಂದೇ ಆದರೂ ಈ ದಡಗಳಲ್ಲಿ ಮನಸ್ಸುಗಳು ಹಲವು.

ನರಸೀಪುರ ತಾಲೂಕಿನ ತಲಕಾಡಿನಿಂದ ಆರಂಭಿಸೋಣ. ಗಂಗರ ರಾಜಧಾನಿಯಾಗಿದ್ದ, ಚೋಳರ ಕೈಸೇರಿದ್ದ, ಹೊಯ್ಸಳ ವಿಷ್ಣುವರ್ಧನ ಗೆದ್ದು 'ತಲಕಾಡುಗೊಂಡ' ಎನಿಸಿಕೊಂಡ ಊರು ಇದು. ಅವನ ಕಾಲದ ಕೀರ್ತಿನಾರಾಯಣ ದೇವಾಲಯ ಇಂದಿಗೂ ಇದೆ. ಹಳೆಯ ಊರಿನ ಬಹುಭಾಗ ಮಾತ್ರ ಮರಳಿನಡಿ ಸೇರಿತು. ಈ ಮರಳಿಗೆ ನಮ್ಮಲ್ಲಿ ಎರಡು ವಿವರಣೆಗಳಿವೆ. ಒಂದು ಅಲಮೇಲಮ್ಮನ ಶಾಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಮಡದಿ ಅಲಮೇಲಮ್ಮನ ಒಡವೆಗಳಿಗಾಗಿ ರಾಜನ ಆಳುಗಳು ಬೆನ್ನಟ್ಟಿ ಬಂದಾಗ ಆಕೆ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳೆಂದೂ, ಹಾರುವ ಮುನ್ನ ತಲಕಾಡಿಗೂ ಮಾಲಂಗಿಗೂ ಮೈಸೂರು ದೊರೆಗಳ ಸಂತಾನಕ್ಕೂ ಶಾಪವಿಟ್ಟಳೆಂದೂ ಕಥೆ. ಇನ್ನೊಂದು ಭೂಗೋಳದ ವಿವರಣೆ. ನದಿ ಇಲ್ಲಿ ಬಳಸಿ ತಿರುಗುತ್ತದೆ, ವಿಜಯನಗರ ಕಾಲದ ಮಾಧವಮಂತ್ರಿ ಅಣೆಕಟ್ಟೆ ಹರಿವಿನ ರೀತಿಯನ್ನು ಬದಲಿಸಿತು, ನೀರು ಇಳಿದಾಗ ತೆರೆದುಕೊಂಡ ಮರಳನ್ನು ಆಷಾಢದ ಗಾಳಿ ಊರಿನ ಮೇಲೆ ತಂದು ಸುರಿಯಿತು.

ವಿಚಾರವಾದಿಯ ಪ್ರಕಾರ ಎರಡನೆಯದು ಗೊತ್ತಾದ ಮೇಲೆ ಮೊದಲನೆಯದು ಸಾಯಬೇಕು. ಅದು ಸಾಯಲಿಲ್ಲ. ಅಣೆಕಟ್ಟೆ, ಗಾಳಿ, ನದಿಯ ತಿರುವು ಎಲ್ಲವನ್ನೂ ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರೇ 2020ರ ಡಿಸೆಂಬರ್‌ನ ಪಂಚಲಿಂಗ ದರ್ಶನದ ಹೊತ್ತಿಗೆ ಮಕ್ಕಳಿಗೆ ಅಲಮೇಲಮ್ಮನ ಕಥೆಯನ್ನೂ ಹೇಳಿದ್ದರೆ ನಮಗೆ ಆಶ್ಚರ್ಯವಿಲ್ಲ. 2017ರ ಡಿಸೆಂಬರ್‌ನಲ್ಲಿ ಮೈಸೂರು ರಾಜಮನೆತನದಲ್ಲಿ ಗಂಡುಮಗು ಹುಟ್ಟಿದಾಗ ಶಾಪ ವಿಮೋಚನೆಯಾಯಿತೆಂದು ಪತ್ರಿಕೆಗಳು ಬರೆದವು. ವಂಶವಾಹಿಯ ಬಗ್ಗೆ ಏನೂ ತಿಳಿಯದವರೇ ಅದನ್ನು ಬರೆದರು, ಓದಿದರು ಎನ್ನುವಂತಿಲ್ಲ.

ಇದಕ್ಕೆ ಕಾರಣ, ಎರಡು ವಿವರಣೆಗಳೂ ಒಂದೇ ಪ್ರಶ್ನೆಗೆ ಉತ್ತರವಲ್ಲ. ಮರಳು ಹೇಗೆ ಬಂತು ಎಂಬುದಕ್ಕೆ ಭೂಗೋಳ ಉತ್ತರಿಸುತ್ತದೆ. ಗೆದ್ದವನು ಸೋತವನ ಹೆಂಡತಿಯ ಮೈಮೇಲಿನ ಒಡವೆಗೂ ಕೈಹಾಕಿದರೆ ಅದನ್ನು ಕೇಳುವವರು ಯಾರು ಎಂಬುದಕ್ಕೆ ಶಾಪದ ಕಥೆ ಉತ್ತರಿಸುತ್ತದೆ. ಅರಸರ ಚರಿತ್ರೆಯಲ್ಲಿ 1610 ಒಂದು ವಿಜಯದ ವರ್ಷ. ಜನರ ನೆನಪಿನಲ್ಲಿ ಅದೊಂದು ಬಾಕಿ ಉಳಿದ ನ್ಯಾಯ. ಅರಮನೆಯವರೇ ಆಕೆಯ ಮೂರ್ತಿಯನ್ನು ಪೂಜಿಸುತ್ತ ಬಂದರೆಂಬುದನ್ನು ನೆನೆದರೆ, ಗೆದ್ದವರಿಗೂ ಆ ಬಾಕಿಯ ಅರಿವು ಇತ್ತೆನ್ನಬೇಕು. ಒಂದು ಮನಸ್ಸು ಮರಳನ್ನು ಕಂಡು ಕಾರಣ ಹುಡುಕುತ್ತದೆ, ಇನ್ನೊಂದು ಅದೇ ಮರಳಿನಲ್ಲಿ ಹೊಣೆಗಾರನನ್ನು ಹುಡುಕುತ್ತದೆ. ಕಾರಣ ಹುಡುಕುವವನು ಹೊಣೆ ಹುಡುಕುವವನನ್ನು ಮೂಢನೆಂದು ಕರೆದರೆ ಆತ ಕೇಳಿದ ಪ್ರಶ್ನೆಯನ್ನೇ ಕೇಳಿಸಿಕೊಂಡಿಲ್ಲವೆಂದು ಅರ್ಥ.

ಮೈಸೂರಿನಲ್ಲೇ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಈ ಪ್ರಶ್ನೆಯ ಸುತ್ತ 1989ರಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಭಾರತೀಯ ಚಿಂತನಕ್ರಮ ಎಂಬುದೊಂದು ಇದೆಯೇ ಎಂಬುದು ಅದರ ವಿಷಯ. ಅವರನ್ನು ಈ ಚಿಂತೆಗೆ ಹಚ್ಚಿದವರು ಅವರ ತಂದೆ. ಅವರು ಗಣಿತದ ಪ್ರಾಧ್ಯಾಪಕರು, ಖಗೋಳ ಬಲ್ಲವರು, ಜೊತೆಗೆ ಜ್ಯೋತಿಷ್ಯದಲ್ಲೂ ನಿಷ್ಣಾತರು. ವಿದೇಶದ ಗಣಿತಜ್ಞರೂ ಊರಿನ ಜೋಯಿಸರೂ ಒಂದೇ ಮನೆಗೆ ಬರುತ್ತಿದ್ದರು. ಇದು ಹೇಗೆ ಸಾಧ್ಯವೆಂದು ಮಗ ಚಡಪಡಿಸಿದರೆ ತಂದೆ, ಮೆದುಳಿಗೆ ಎರಡು ಪಾಲುಗಳಿರುವುದು ಗೊತ್ತಿಲ್ಲವೇ ಎಂಬರ್ಥದ ಮಾತಾಡಿ ನಗುತ್ತಿದ್ದರಂತೆ. ಇದರಿಂದ ಹೊರಟ ರಾಮಾನುಜನ್, ಸಂದರ್ಭಕ್ಕೆ ತಕ್ಕಂತೆ ನಿಯಮ ಬದಲಾಗುವ ಚಿಂತನೆಯೊಂದು, ಸಂದರ್ಭವನ್ನು ಲೆಕ್ಕಿಸದ ಸಾರ್ವತ್ರಿಕ ನಿಯಮ ಬಯಸುವ ಚಿಂತನೆ ಮತ್ತೊಂದು ಎಂದು ವಿಂಗಡಿಸಿದರು. ಭಾರತದ ಒಲವು ಮೊದಲನೆಯದರ ಕಡೆಗೆ ಎಂಬುದು ಅವರ ವಾದ.

ಈ ಪ್ರಬಂಧ ಬಹಳ ದೂರ ನಮ್ಮನ್ನು ಕರೆದೊಯ್ಯುತ್ತದೆ. ಎರಡು ಮನಸ್ಸುಗಳು ಇಬ್ಬರು ವ್ಯಕ್ತಿಗಳಲ್ಲಿ ಮಾತ್ರವಲ್ಲ, ಒಬ್ಬನೇ ವ್ಯಕ್ತಿಯಲ್ಲೂ ಬಾಳಬಲ್ಲವು, ಅದು ಕಪಟವೂ ಅಲ್ಲ, ಅರೆಬೆಂದ ಜ್ಞಾನವೂ ಅಲ್ಲ ಎಂಬುದನ್ನು ಅದು ಮನಗಾಣಿಸುತ್ತದೆ. ಆದರೆ ಈ ಒಲವನ್ನು 'ಭಾರತೀಯ' ಎಂದು ಕರೆದ ಕೂಡಲೇ ಒಂದು ತೊಡಕು ಹುಟ್ಟುತ್ತದೆ. ಸಂದರ್ಭಕ್ಕೆ ತಕ್ಕ ನಿಯಮ ಎಂಬುದು ಗಣಿತ ಪ್ರಾಧ್ಯಾಪಕರ ಮನೆಯಲ್ಲಿ ಸೊಗಸಾದ ಸಹಬಾಳ್ವೆ. ಊರ ಹೊರಗಿನ ಕೇರಿಯಲ್ಲಿ ಅದರ ಹೆಸರು ಜಾತಿ. ಒಬ್ಬನಿಗೊಂದು ಶಿಕ್ಷೆ, ಇನ್ನೊಬ್ಬನಿಗೆ ಇನ್ನೊಂದು ಶಿಕ್ಷೆ ಎನ್ನುವ ಮನುವಿನ ಕ್ರಮವನ್ನು ರಾಮಾನುಜನ್ ಸ್ವತಃ ಉದಾಹರಿಸುತ್ತಾರೆ, ಹುಟ್ಟು, ಲಿಂಗ, ಮತಗಳನ್ನು ಲೆಕ್ಕಿಸದ ಸಂವಿಧಾನ ಅದನ್ನು ಮುರಿಯಿತೆಂದೂ ಗುರುತಿಸುತ್ತಾರೆ. ಆದರೆ ಸಾರ್ವತ್ರಿಕ ನಿಯಮಕ್ಕಾಗಿ ಹಾತೊರೆದ ಮನಸ್ಸೂ ಈ ನೆಲದಲ್ಲೇ, ಇದೇ ಊರುಗಳಲ್ಲೇ ಇತ್ತಲ್ಲ, ಅದು ಭಾರತೀಯವಲ್ಲವೇ ಎಂಬ ಪ್ರಶ್ನೆಯನ್ನು ಅವರು ಮುಂದಕ್ಕೆ ಒಯ್ಯುವುದಿಲ್ಲ.

ಮನಸ್ಸನ್ನು ಅಳೆಯಲು ಹೊರಟವರು ತಮ್ಮ ಅಳತೆಗೋಲನ್ನು ಮರೆಯುವುದು ಹೊಸದಲ್ಲ. 1931 ಮತ್ತು 1932ರ ಬೇಸಿಗೆಯಲ್ಲಿ ರಷ್ಯದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಮಧ್ಯ ಏಷ್ಯಾದ ಉಜ್ಬೆಕ್ ರೈತರ ನಡುವೆ ಪ್ರಯೋಗ ನಡೆಸಿದರು. ದೂರದ ಉತ್ತರದ ಹಿಮದ ನಾಡಿನಲ್ಲಿ ಕರಡಿಗಳೆಲ್ಲ ಬಿಳಿ. ನೋವಾಯಾ ಜೆಮ್ಲ್ಯಾ ಅಂಥ ನಾಡು. ಹಾಗಾದರೆ ಅಲ್ಲಿನ ಕರಡಿಯ ಬಣ್ಣವೇನು? ಶಾಲೆಗೆ ಹೋದವರು ಬಿಳಿ ಎಂದರು. ಅಕ್ಷರ ಕಲಿಯದ ರೈತರಲ್ಲಿ ಅನೇಕರು ಹಾಗೆ ಹೇಳಲು ಒಪ್ಪಲಿಲ್ಲ. ತಾವು ಕಂಡಿರುವುದು ಕಪ್ಪು ಕರಡಿ, ಅಲ್ಲಿಗೆ ಹೋಗಿಲ್ಲ, ಹೋಗಿ ಬಂದವರನ್ನು ಕೇಳಿ ಎಂಬುದು ಅವರ ಉತ್ತರದ ಸಾರ. ಅಮೂರ್ತವಾಗಿ ತರ್ಕಿಸುವ ಶಕ್ತಿ ಇವರಲ್ಲಿ ಇನ್ನೂ ಬೆಳೆದಿಲ್ಲವೆಂದು ಲೂರಿಯಾ ತೀರ್ಮಾನಿಸಿದರು. 1970ರ ದಶಕದಲ್ಲಷ್ಟೇ ಆ ಅಧ್ಯಯನ ಪುಸ್ತಕವಾಗಿ ಬಂತು.

ಆ ರೈತರ ಉತ್ತರವನ್ನು ನಾವು ಬೇರೆ ಕಿವಿಯಿಂದಲೂ ಕೇಳಬಹುದು. ಅವರು ಮುಸ್ಲಿಮರ ನಾಡಿನವರು. ಕಾಣದ್ದರ ಬಗ್ಗೆ ಸಾಕ್ಷಿ ನುಡಿಯಬಾರದು, ಹೇಳಿದವನು ಯಾರು, ಅವನಿಗೆ ಹೇಳಿದವನು ಯಾರು ಎಂದು ವಿಚಾರಿಸದೆ ಮಾತನ್ನು ಒಪ್ಪಬಾರದು ಎಂಬ ಎಚ್ಚರ ಹದೀಸ್ ಪಂಡಿತರು ಶತಮಾನಗಳ ಕಾಲ ಕಾಪಾಡಿಕೊಂಡು ಬಂದದ್ದು. ಪಟ್ಟಣದಿಂದ ಬಂದ ಅಪರಿಚಿತ ಅಧಿಕಾರಿಯೊಬ್ಬ ಕೆದಕಿ ಕೇಳುವಾಗ, ಕಂಡದ್ದನ್ನಷ್ಟೇ ಹೇಳುವೆನೆನ್ನುವ ರೈತನಲ್ಲಿ ತರ್ಕವಿಲ್ಲವೆಂದು ಹೇಳಲಾಗದು. ಅವನ ತರ್ಕ ನಾಲಗೆಯ ಹೊಣೆಯನ್ನು ಮೊದಲು ಲೆಕ್ಕ ಹಾಕುತ್ತದೆ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಯತ್ತ ಬೊಟ್ಟು ಮಾಡಿದರು: ಮನುಷ್ಯರ ಮನಸ್ಸಿನ ಬಗ್ಗೆ ಮನಶ್ಶಾಸ್ತ್ರ ಹೇಳುವ ಮಾತುಗಳಲ್ಲಿ ಬಹುಪಾಲು ಪಾಶ್ಚಾತ್ಯ ದೇಶಗಳ, ಅದರಲ್ಲೂ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಬಂದದ್ದು. ಉಳಿದ ಲೋಕವನ್ನು ಆ ಅಳತೆಗೆ ಹೊಂದದ ಅಪವಾದವೆಂದು ನೋಡುವುದು ನಡೆದು ಬಂದಿತ್ತು.

ಈಗ ನಂಜನಗೂಡಿಗೆ ಬರೋಣ. ಶ್ರೀಕಂಠೇಶ್ವರನಿಗೆ 'ಹಕೀಮ್ ನಂಜುಂಡ' ಎಂಬ ಹೆಸರಿರುವುದು ಕನ್ನಡ ನಾಡಿಗೆಲ್ಲ ಗೊತ್ತು. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಕಾಣದಾದಾಗ ಇಲ್ಲಿ ಪೂಜೆ ಸಲ್ಲಿಸಿ, ಆನೆಗೆ ಕಣ್ಣು ಬಂದ ಮೇಲೆ ಸುಲ್ತಾನ ಪಚ್ಚೆಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಮನೆಂದು ಕರೆದನೆಂದು ಹೇಳಿಕೆ. ಕೆಲವರ ಬಾಯಲ್ಲಿ ಇದು ಹೈದರಾಲಿಯ ಕಥೆಯೂ ಆಗುತ್ತದೆ. ಇಲ್ಲಿಯೂ ಮನಸ್ಸುಗಳು ಕವಲೊಡೆಯುತ್ತವೆ. ದಾಖಲೆ ಬಯಸುವವರು ಕಾಗದ ಎಲ್ಲಿ ಎನ್ನುತ್ತಾರೆ. ಅವರಿಗೆ ಶೃಂಗೇರಿಯ ಪತ್ರಗಳು ಹೆಚ್ಚು ಪ್ರಿಯ. 1791ರಲ್ಲಿ ಮರಾಠ ಪಡೆ ಶೃಂಗೇರಿ ಮಠವನ್ನು ದೋಚಿದ ಮೇಲೆ ಟಿಪ್ಪು ಬರೆದ ಪತ್ರಗಳು 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಕೈಗೆ ಸಿಕ್ಕವು. ಅದು ಗಟ್ಟಿ ಆಧಾರ. ಭಕ್ತನಿಗಾದರೋ ಕಾಗದ ಬೇಕಿಲ್ಲ. ದೇವರು ವೈದ್ಯನಾದ ಮೇಲೆ ರೋಗಿಯ ಮತ ಯಾವುದೆಂದು ಕೇಳುವುದಿಲ್ಲ ಎಂಬುದಷ್ಟೇ ಅವನಿಗೆ ಮುಖ್ಯ. ಸಂಸ್ಕೃತದ ದೇವರಿಗೆ ಅರಬ್ಬಿ ಮೂಲದ ಪದವೊಂದು ಅಂಟಿಕೊಂಡು ಕನ್ನಡದ ಬಾಯಲ್ಲಿ ಸಲೀಸಾಗಿ ನಿಂತದ್ದೇ ಅವನ ಪುರಾವೆ. ಇಂಥ ಪದಗಳ ಬೆಲೆ ಎಷ್ಟೆಂಬುದು 2022ರ ಡಿಸೆಂಬರ್‌ನಲ್ಲಿ ಮುಜರಾಯಿ ಇಲಾಖೆ ದೇವಾಲಯಗಳ 'ದೀವಟಿಗೆ ಸಲಾಂ', 'ಸಲಾಂ ಆರತಿ'ಗಳ ಹೆಸರನ್ನು ಬದಲಿಸಲು ಹೊರಟಾಗ ಅರಿವಾಯಿತು. ಪೂಜೆ ಹಾಗೇ ಉಳಿಯಿತು, ಪದ ಮಾತ್ರ ಯಾರಿಗೋ ಚುಚ್ಚಿತು.

ಇಲ್ಲಿ ಒಂದು ಮಾತನ್ನು ನಮ್ಮ ಸಮುದಾಯಕ್ಕೂ ಹೇಳಬೇಕು. 2015ರಿಂದ 2018ರವರೆಗೆ ಸರಕಾರ ಟಿಪ್ಪು ಜಯಂತಿ ಆಚರಿಸಿತು, 2019ರ ಜುಲೈಯಲ್ಲಿ ಅದು ರದ್ದಾಯಿತು. ಆ ವರ್ಷಗಳ ಭಾಷಣಗಳಲ್ಲಿ ಹಕೀಮ್ ನಂಜುಂಡನ ಕಥೆಯನ್ನು ಒಂದು ಸರ್ಟಿಫಿಕೇಟಿನಂತೆ ಎತ್ತಿ ಹಿಡಿಯುವುದು ರೂಢಿಯಾಗಿತ್ತು. ಸರ್ಟಿಫಿಕೇಟು ಕೇಳುವವರ ಮುಂದೆ ಸರ್ಟಿಫಿಕೇಟು ಒಡ್ಡುವುದು ಅನಿವಾರ್ಯವೆಂದು ಕಾಣಬಹುದು. ಆದರೆ ಹಾಗೆ ಮಾಡಿದಾಗ ಕಥೆ ತನ್ನ ಜೀವ ಕಳೆದುಕೊಂಡು ವಾದದ ಒಂದು ಅಂಶವಾಗುತ್ತದೆ, ಎದುರು ಪಕ್ಷದವರು ತಮ್ಮ ಅಂಶವನ್ನು ತರುತ್ತಾರೆ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಕುಟುಂಬಗಳಲ್ಲಿ ನರಕ ಚತುರ್ದಶಿಯ ದಿನ ಹಬ್ಬವಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮ ಹಿರಿಯರನ್ನು ಕೊಂದರೆಂಬುದು ಅವರ ನೆನಪು. ಕೊಡವರಲ್ಲೂ ಅಂಥ ಗಾಯವಿದೆ. ನಂಜನಗೂಡಿನ ಆನೆಯ ಕಥೆ ನಿಜವೆನ್ನುವುದಕ್ಕೆ ಮೇಲುಕೋಟೆಯ ಕತ್ತಲೆಯನ್ನು ಸುಳ್ಳೆನ್ನಬೇಕಿಲ್ಲ. ಒಬ್ಬನೇ ಅರಸ ಒಂದೂರಿನಲ್ಲಿ ಹರಕೆ ಹೊತ್ತವನೂ ಇನ್ನೊಂದೂರಿನಲ್ಲಿ ಭಯವೂ ಆಗಿರಬಲ್ಲ. ಅರಸೊತ್ತಿಗೆಯೆಂದರೆ ಅದೇ. ನೆನಪುಗಳು ಬೇರೆಯಾಗಿರುವುದು ಮನಸ್ಸು ಕೆಟ್ಟಿರುವುದರಿಂದಲ್ಲ, ಅವರವರ ಹಿರಿಯರು ನಿಂತಿದ್ದ ಜಾಗ ಬೇರೆಯಾಗಿದ್ದುದರಿಂದ.

ಹಾಗಾದರೆ ನೆಲೆ ಒಂದೇ ಆದಾಗ ಮನಸ್ಸೂ ಒಂದಾಗಬೇಕಲ್ಲವೇ? ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು ಹಾಗಿರುವುದಿಲ್ಲ. ಒಬ್ಬ ಮುನ್ನುಗ್ಗುತ್ತಾನೆ, ಒಬ್ಬ ಅಂಜುತ್ತಾನೆ, ಒಬ್ಬನಿಗೆ ಲೆಕ್ಕ, ಒಬ್ಬನಿಗೆ ಕಥೆ. ಅವಳಿಜವಳಿಗಳ ಅಧ್ಯಯನಗಳು ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟಕ್ಕೆ ಹುಟ್ಟಿನ ಪಾಲಿದೆಯೆಂದು ತೋರಿಸಿವೆ. ಒಂದು ಸ್ವಭಾವವೇ ಒಳ್ಳೆಯದಾಗಿದ್ದರೆ ಇಷ್ಟು ಸಾವಿರ ತಲೆಮಾರುಗಳಲ್ಲಿ ಉಳಿದವು ಅಳಿಯಬೇಕಿತ್ತು. 2006ರಲ್ಲಿ ಡೇನಿಯಲ್ ನೆಟಲ್ ಎಂಬ ಮನಶ್ಶಾಸ್ತ್ರಜ್ಞ ಇದಕ್ಕೊಂದು ಸಮಾಧಾನ ಹೇಳಿದರು: ಪ್ರತಿ ಸ್ವಭಾವಕ್ಕೂ ಲಾಭವೂ ಇದೆ, ತೆರಬೇಕಾದ ಬೆಲೆಯೂ ಇದೆ. ಕಾಲ ಬದಲಾದಂತೆ ಲಾಭನಷ್ಟಗಳು ಬದಲಾಗುವುದರಿಂದ ಪ್ರಕೃತಿ ಯಾವ ಒಂದನ್ನೂ ಶಾಶ್ವತವಾಗಿ ಗೆಲ್ಲಿಸಿಲ್ಲ.

ನಂಜನಗೂಡಿನ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆಯಾಶ್ರಿತ ಹೊಲದಲ್ಲಿ ರಾಗಿಯ ನಡುವೆ ಅವರೆ, ಜೋಳ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡುವುದು ಒಂದು ಕೈಕೊಟ್ಟರೆ ಇನ್ನೊಂದಾದರೂ ಮನೆಗೆ ಬರಲೆಂದು. ಇದಕ್ಕೆ ವಿರುದ್ಧವಾದ ಪಾಠವೂ ಅದೇ ಊರಿನಲ್ಲಿದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯ ತೋಟಗಳನ್ನು ಪನಾಮಾ ಸೊರಗು ರೋಗ ಬಹುಪಾಲು ಅಳಿಸಿ ಹಾಕಿತು. ಬಾಳೆ ಬೀಜದಿಂದ ಬೆಳೆಯುವುದಿಲ್ಲ, ಕಂದಿನಿಂದ ಬೆಳೆಯುತ್ತದೆ. ತೋಟದ ಪ್ರತಿ ಗಿಡವೂ ಇನ್ನೊಂದರ ಪಡಿಯಚ್ಚು. ಒಂದನ್ನು ಕೊಲ್ಲಬಲ್ಲ ರೋಗ ಎಲ್ಲವನ್ನೂ ಕೊಲ್ಲಬಲ್ಲುದು. ಎಲ್ಲರೂ ಒಂದೇ ರೀತಿ ಯೋಚಿಸುವ ಸಮಾಜವನ್ನು ಬಯಸುವವರು ಈ ತೋಟವನ್ನೊಮ್ಮೆ ನೆನೆಯಬೇಕು. ಭಾಷೆ, ವರ್ಣಗಳ ಭಿನ್ನತೆಯನ್ನು ಕುರ್‌ಆನ್ ಸೃಷ್ಟಿಕರ್ತನ ನಿದರ್ಶನಗಳಲ್ಲಿ ಒಂದೆಂದು ಎಣಿಸುತ್ತದೆ. ಅವನು ಬಯಸಿದ್ದರೆ ಎಲ್ಲರನ್ನೂ ಒಂದೇ ಸಮುದಾಯವಾಗಿ ಮಾಡಬಹುದಿತ್ತೆಂದೂ ಅದು ನೆನಪಿಸುತ್ತದೆ. ಭಿನ್ನತೆಯನ್ನು ಅಪಘಾತವೆಂದು ಕಾಣದ ನೋಟ ಅದು.

ಇಷ್ಟಕ್ಕೇ ನಿಲ್ಲಿಸಿದರೆ ಭಿನ್ನತೆಯ ಹಾಡು ಹಾಡಿ ಮುಗಿಸಿದಂತಾಗುತ್ತದೆ. ಎಲ್ಲ ಭಿನ್ನತೆಯೂ ಅಕ್ಕಡಿ ಸಾಲಲ್ಲ. 2023ರ ಡಿಸೆಂಬರ್ ಕೊನೆಯಲ್ಲಿ ನಂಜನಗೂಡಿನಲ್ಲಿ ಅಂಧಕಾಸುರ ಸಂಹಾರದ ಆಚರಣೆ ನಡೆಯುವಾಗ ಗಲಾಟೆಯಾಯಿತು. ಬೀದಿಯಲ್ಲಿ ರಾಕ್ಷಸನ ಚಿತ್ರ ಬಿಡಿಸಿ ಉತ್ಸವಮೂರ್ತಿ ಹೊತ್ತವರು ಅದನ್ನು ತುಳಿದು ಅಳಿಸುವುದು ಅಲ್ಲಿನ ವಾಡಿಕೆ. ಭಕ್ತರು ಕಂಡದ್ದು ಅಸುರನನ್ನು. ದಲಿತ ಸಂಘಟನೆಯವರು ಕಂಡದ್ದು ಮಹಿಷಾಸುರನನ್ನು, ತಮ್ಮ ಮೂಲ ಪುರುಷನೆಂದು ಅವರು ನಂಬುವ ಅರಸನನ್ನು. ಸಂಗತಿ ಪೊಲೀಸ್ ಠಾಣೆ ಮುಟ್ಟಿತು. ಒಂದೇ ಬಣ್ಣದ ಪುಡಿ, ಒಂದೇ ಬೀದಿ. ಆದರೆ ತುಳಿಯುವ ಕಾಲಿನ ಕಡೆಯಿಂದ ನೋಡುವ ಮನಸ್ಸಿಗೂ ತುಳಿಸಿಕೊಂಡ ಮೈಯ ಕಡೆಯಿಂದ ನೋಡುವ ಮನಸ್ಸಿಗೂ ನಡುವಿನ ಅಂತರ ಸ್ವಭಾವದ್ದಲ್ಲ, ಚರಿತ್ರೆಯದು. ಇದೇ ತಾಲೂಕಿನ ಬದನವಾಳುವಿನಲ್ಲಿ 1993ರಲ್ಲಿ ಮೂವರು ದಲಿತರ ಕೊಲೆಯಾಯಿತೆಂಬುದನ್ನು ಬದಿಗಿಟ್ಟು ಈ ಗಲಾಟೆಯನ್ನು ಪುರಾಣದ ಪಾಠಾಂತರವೆಂದು ಚರ್ಚಿಸುವುದು ಆತ್ಮವಂಚನೆ.

ಈ ಅಂತರವನ್ನು ಯಾವ ಮನಶ್ಶಾಸ್ತ್ರಜ್ಞನಿಗಿಂತ ಚೆನ್ನಾಗಿ ಬಲ್ಲವರು ಇದೇ ನಂಜನಗೂಡು ತಾಲೂಕಿನ ದೇವನೂರಿನಲ್ಲಿ 1948ರಲ್ಲಿ ಹುಟ್ಟಿದ ದೇವನೂರ ಮಹಾದೇವ. ಅವರ 'ಕುಸುಮಬಾಲೆ' 1984ರಲ್ಲಿ ಬಂತು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಮೇಲ್ಜಾತಿಯ ಕುಸುಮ ಮತ್ತು ದಲಿತ ಚೆನ್ನನ ಪ್ರೇಮ, ಚೆನ್ನನ ಕೊಲೆ ಅದರ ನಡು. ಆ ಭಾಗದ ಆಡುಮಾತಿನಲ್ಲೇ ನಡೆಯುವ ಈ ಕೃತಿ ಓದಲು ಕಷ್ಟವೆಂಬ ದೂರು ಹಳೆಯದು. ಆ ಕಷ್ಟಕ್ಕೆ ಅರ್ಥವಿದೆ. ಶಿಷ್ಟ ಕನ್ನಡದ ಮನಸ್ಸಿಟ್ಟುಕೊಂಡು ಒಳಹೊಕ್ಕವರು ಇಲ್ಲಿ ಮೊದಲ ಬಾರಿಗೆ ಪರಕೀಯರಾಗುತ್ತಾರೆ, ಶಾಲೆಯಲ್ಲಿ ಕೇರಿಯ ಮಗು ಆದ ಹಾಗೆ. ಇರುಳಲ್ಲಿ ಮನೆಮನೆಯ ದೀಪಗಳ ಜೋತಮ್ಮಂದಿರು ಒಂದೆಡೆ ಸೇರಿ ತಂತಮ್ಮ ಮನೆಯ ಸುಖದುಃಖ ಮಾತಾಡಿಕೊಳ್ಳುತ್ತಾರೆ. ವಿಮರ್ಶಕರು ಇದನ್ನು ಮಾಂತ್ರಿಕ ವಾಸ್ತವತೆಯೆಂದು ಕರೆದು ಲ್ಯಾಟಿನ್ ಅಮೆರಿಕದತ್ತ ಬೆರಳು ತೋರಿದರು. ಅಷ್ಟು ದೂರ ಹೋಗಬೇಕಿರಲಿಲ್ಲ. ಅಜ್ಜಿಯರು ಹೇಳುತ್ತಿದ್ದ ದೀಪದ ಕಥೆಗಳು ನಮ್ಮೂರುಗಳಲ್ಲೇ ಇವೆ. ಮಹಾದೇವ ಮಾಡಿದ್ದು ಇಷ್ಟು: ಯಾವ ಮನಸ್ಸನ್ನೂ ಇನ್ನೊಂದಕ್ಕೆ ಅನುವಾದಿಸದೆ ಎಲ್ಲವನ್ನೂ ಒಂದೇ ಇರುಳಿನಲ್ಲಿ ಮಾತಾಡಲು ಬಿಟ್ಟದ್ದು.

ಆದರೆ ಅವರು ನಿಲುವಿಲ್ಲದವರಲ್ಲ. ಕೊಲೆಯಾದ ಚೆನ್ನ ಬೊಂಬಾಯಿಗೆ ಹೋಗಿದ್ದಾನೆಂದು ಊರು ನಂಬಿದೆ. ಕೊಂದವರಿಗೆ ಆ ನಂಬಿಕೆ ಅನುಕೂಲ, ಹೆತ್ತವರಿಗೆ ಅದು ಉಸಿರು. ಒಂದೇ ಮಾತು, ಎರಡು ಮನಸ್ಸು. ಎರಡನ್ನೂ 'ಭಿನ್ನ ದೃಷ್ಟಿಕೋನ' ಎಂದು ಸಮನಾಗಿ ತೂಗಿದರೆ ಹೆಣದ ಮೇಲೆ ಮಣ್ಣು ಮುಚ್ಚಿದಂತೆ. ಕೃತಿ ಹಾಗೆ ತೂಗುವುದಿಲ್ಲ. ಚೆನ್ನ ಏನಾದನೆಂಬುದು ಓದುಗನಿಗೆ ತಿಳಿಯುತ್ತದೆ. ರಾಮಾನುಜನ್ ಅವರ ಪ್ರಬಂಧಕ್ಕೆ ಸಿಗದ ಒರೆಗಲ್ಲು ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಮನಸ್ಸುಗಳ ಯಾವ ಭಿನ್ನತೆ ಉಳಿಯಲು ಅರ್ಹ, ಯಾವುದು ಅಲ್ಲ ಎಂದು ಕೇಳಿಕೊಳ್ಳುವಾಗ ನೋಡಬೇಕಾದದ್ದು ಅದು ವೈಜ್ಞಾನಿಕವೋ ಅಲ್ಲವೋ ಎಂಬುದನ್ನಲ್ಲ. ಅದು ಉಳಿಯಲು ಯಾರದಾದರೂ ಸಾವನ್ನು, ಅವಮಾನವನ್ನು ಬಚ್ಚಿಡಬೇಕಾಗಿದೆಯೇ ಎಂಬುದನ್ನು.

ಈ ಒರೆಗಲ್ಲಿಗೆ ತಿಕ್ಕಿದರೆ ಅಲಮೇಲಮ್ಮನ ಶಾಪ ಉಳಿಯುತ್ತದೆ, ಏಕೆಂದರೆ ಅದು ಒಬ್ಬ ಹೆಣ್ಣಿನ ಸಾವನ್ನು ಬಚ್ಚಿಡದೆ ಹೇಳುತ್ತಿದೆ. ಹಕೀಮ್ ನಂಜುಂಡ ಉಳಿಯುತ್ತಾನೆ, ಮೇಲುಕೋಟೆಯ ನೆನಪೂ ಅವನ ಪಕ್ಕದಲ್ಲೇ ಉಳಿಯುತ್ತದೆ. ಒಂದನ್ನು ಅಳಿಸಲು ಇನ್ನೊಂದನ್ನು ಬಳಸಿದ ದಿನ ಮಾತ್ರ ಎರಡೂ ಕೆಡುತ್ತವೆ. ಬೀದಿಯಲ್ಲಿ ತುಳಿಯುವ ಚಿತ್ರ ತಮ್ಮ ಮೈಯನ್ನು ತುಳಿದಂತಾಗುತ್ತದೆ ಎನ್ನುವವರು ಅದೇ ಬೀದಿಯಲ್ಲಿರುವಾಗ, ವಾಡಿಕೆಯೆಂಬ ಒಂದೇ ಉತ್ತರ ಸಾಲದಾಗುತ್ತದೆ.

ಇದನ್ನು ಕಾಯಿದೆಯಿಂದ ತೀರಿಸಲಾಗದು, ಭಾಷಣದಿಂದಲೂ ಆಗದು. ನಮ್ಮ ಶಾಲೆಗಳಲ್ಲಿ ತಲಕಾಡಿನ ಪಾಠ ಬಂದಾಗ ಮಾಧವಮಂತ್ರಿ ಅಣೆಕಟ್ಟೆಯನ್ನೂ ಅಲಮೇಲಮ್ಮನನ್ನೂ ಒಟ್ಟಿಗೆ ಹೇಳಿ, ಒಂದೊಂದು ಯಾವ ಪ್ರಶ್ನೆಗೆ ಉತ್ತರವೆಂದು ಮಕ್ಕಳನ್ನೇ ಕೇಳಬಹುದು. ನಮ್ಮ ಮದರಸಗಳಲ್ಲಿ, ಜಮಾಅತ್ ಸಭೆಗಳಲ್ಲಿ ಟಿಪ್ಪುವಿನ ಮಾತು ಬಂದಾಗ ಮೇಲುಕೋಟೆಯವರ ನೋವನ್ನು ನಾವೇ ಮೊದಲು ಎತ್ತಬಹುದು. 'ಕುಸುಮಬಾಲೆ'ಯ ನಾಲ್ಕು ಪುಟವನ್ನು ಆ ಸೀಮೆಯವರ ಬಾಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಬಹುದು. ಕಣ್ಣಿಗೆ ಕಷ್ಟವಾದದ್ದು ಕಿವಿಗೆ ಸುಲಭವಾಗುವುದನ್ನು ಕಂಡವರಿಗೆ ಇನ್ನೊಬ್ಬರ ಮನಸ್ಸು ಅರ್ಥವಾಗದಿದ್ದುದು ಅದರ ಕೊರತೆಯಿಂದಲ್ಲ, ತಾವು ಅದನ್ನು ಅದರದೇ ದನಿಯಲ್ಲಿ ಕೇಳದಿದ್ದುದರಿಂದ ಎಂಬುದು ತಾನಾಗಿ ತಿಳಿಯುತ್ತದೆ.